ಮೆಷಿನ್ ಕೊಳ್ಳುವ ಮುಂಚೆ

ಮಗಾ, ಪಿರಿಯಾಪಟ್ಟಣದಲ್ಲಿ ಶುಂಠಿ ಪುಡಿ ಮಾಡೋ ಮೆಷಿನ್ ಹಾಕಬೇಕು ಅಂತಿದ್ದೀಯಂತೆ. ಹಾಕು. ಆದರೆ ‘ವ್ಯಾಪಾರ ರಕ್ತದಲ್ಲೇ ಬರಬೇಕು ದೊಡ್ಡಪ್ಪ, ನಮ್ಮದು ಬೇಸಾಯದ ಮನೆ’ ಅಂದೆಯಲ್ಲ, ಆ ಮಾತನ್ನು ನಾನು ಒಪ್ಪೋದಿಲ್ಲ.

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳನ್ನೇ ನೋಡು. ಅವರ ಹಿರೀಕರು ಹಕ್ಕಿ ಹಿಡಿದು ಬದುಕಿದವರು. 1972ರ ವನ್ಯಜೀವಿ ಕಾಯ್ದೆ ಬಂದು ಆ ಕಸುಬೇ ಅಪರಾಧವಾಯಿತು. ಪಿನ್ನು, ಪ್ಲಾಸ್ಟಿಕ್ ಹೂವು ಹೊತ್ತು ಊರೂರು ಸುತ್ತಿದರು. ಈಗ ತಲೆಗೂದಲಿನ ಎಣ್ಣೆ ಕಾಯಿಸಿ ಆಫ್ರಿಕಾವರೆಗೂ ಹೋಗಿ ಮಾರುತ್ತಾರೆ. ಅವರಿಗೆ ಆಸ್ತಿಯಿರಲಿಲ್ಲ, ಓದೂ ಅಷ್ಟಕ್ಕಷ್ಟೇ. ಇದ್ದದ್ದು ತಿರುಗಾಟದ ಅಭ್ಯಾಸ, ಮನೆಮಾತು ವಾಗ್ರಿಯ ಜೊತೆಗೆ ನಾಲ್ಕಾರು ಭಾಷೆ, ಗುರುತಿಲ್ಲದವರ ಮುಂದೆ ನಾಚಿಕೆ ಬಿಟ್ಟು ನಿಲ್ಲುವ ಎದೆ. ಮೊದಲು ಹೋದವನು ಹಿಂದೆ ಉಳಿದವನನ್ನು ಕರೆಸಿಕೊಳ್ಳುವ ನಂಟೂ ಇತ್ತು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಕೊಂಡು, ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ಯಲ್ಲಿ ಮನೆ ಸೇರಿದವರಲ್ಲಿ ಇವರೂ ಇದ್ದರು. ಜೀವ ಉಳಿಯಿತು, ಸಾಲ ಮಾಡಿ ಹೋಗಿದ್ದವರ ಬಂಡವಾಳ ಮುಳುಗಿತು. ಧೈರ್ಯದ ಕಥೆ ಹೇಳುವವರು ಇದನ್ನು ಹೇಳೋದಿಲ್ಲ, ಅದಕ್ಕೇ ನಾನು ಹೇಳಿದೆ.

ಬೈಲಕುಪ್ಪೆಯ ಟಿಬೆಟಿಯನ್ನರದು ಇನ್ನೊಂದು ಬಗೆ. 1960ರ ಸುಮಾರಿಗೆ ಬರಿಗೈಲಿ ಬಂದು ಕಾಡು ಕಡಿದು ಜೋಳ ಹಾಕಿದರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಲೂಧಿಯಾನದ ಸಾಹುಕಾರರು ಇವರಿಗೆ ಸರಕನ್ನು ಉದ್ದರಿ ಕೊಡುತ್ತಾರೆ, ಸೀಸನ್ ಮುಗಿದ ಮೇಲೆ ಲೆಕ್ಕ. ಒಬ್ಬ ಕೈಯೆತ್ತಿದರೆ ಇಡೀ ಸಮುದಾಯಕ್ಕೇ ಸರಕು ಸಿಗದು ಅನ್ನೋ ಭಯವೇ ಅಲ್ಲಿ ಜಾಮೀನು.

ಅದೇ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಮುಂದೆ ಎಚ್.ಡಿ. ಕೋಟೆ ಕಡೆ ಉಳಿತಾಯ ಸಂಘಗಳನ್ನು ಕಟ್ಟಿತು. ನಿಮ್ಮಮ್ಮ ವಾರವಾರ ಕೂರುತ್ತಾಳಲ್ಲ, ಆ ಸಂಘದ ಪುಸ್ತಕವನ್ನು ಹಗುರವಾಗಿ ಕಾಣಬೇಡ. ನಿನಗಿಂತ ಮೊದಲು ಬ್ಯಾಂಕಿನವರು ನಂಬೋದು ಅದನ್ನು.

ಮೆಕ್ಲೆಲೆಂಡ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಸ್ಥರಿಗೆ ಸಾಧಿಸುವ ಹಂಬಲದ ತರಬೇತಿ ಕೊಟ್ಟ. ಹಂಬಲವನ್ನೂ ಕಲಿಸಬಹುದು, ಅದು ರಕ್ತದಲ್ಲೇ ಬರಬೇಕಿಲ್ಲ ಅಂತ ಅವನ ವಾದ. ಇರಬಹುದು. ಆದರೆ ಅವನ ಶಿಷ್ಯರಿಗೆ ಆಗಲೇ ಅಂಗಡಿ ಇದ್ದವು ಅನ್ನೋದು ನೆನಪಿರಲಿ.

ನಮ್ಮ ಒಕ್ಕಲುಮಕ್ಕಳಿಗೆ ಕೊರತೆ ಧೈರ್ಯದ್ದಲ್ಲ. ಮಳೆ ನಂಬಿ ಸಾಲ ಮಾಡಿ ತಂಬಾಕು ನಾಟಿ ಮಾಡುವವನಿಗಿಂತ ಧೈರ್ಯವಂತ ಯಾರಿದ್ದಾರೆ? ಆದರೆ ಬ್ಯಾರನ್ನಿನಲ್ಲಿ ಬೇಯಿಸಿದ ಸೊಪ್ಪನ್ನು ಬೇಲ್ ಕಟ್ಟಿ ಚಿಲ್ಕುಂದದ ಇಲ್ಲವೇ ಕಂಪಲಾಪುರದ ಹರಾಜುಕಟ್ಟೆಗೆ ಹೊತ್ತು ಹಾಕುತ್ತೇವೆ. ಬೆಲೆ ಕಟ್ಟುವವರು ಕಂಪನಿಯವರು. ಕೆ.ಆರ್. ನಗರದ ಭತ್ತದವರೂ ಅಷ್ಟೆ, ಬೆಲೆ ಮಿಲ್ಲಿನವರ ಬಾಯಲ್ಲಿ. ಗಿರಾಕಿ ಮುಖ ನೋಡದೆ ತಲೆಮಾರುಗಳೇ ಕಳೆದವು. ಕೇರಳದವರು ಬಂದು ನಮ್ಮ ಹೊಲವನ್ನೇ ಗುತ್ತಿಗೆ ಹಿಡಿದು ಶುಂಠಿ ಹಾಕಿದರು. ಜಮೀನಿನವರು ಅದೇ ಹೊಲಕ್ಕೆ ಕೂಲಿಗೆ ಹೋದದ್ದೂ ಉಂಟು. ಮಣ್ಣು ನಮ್ಮದೇ, ಮಾರುಕಟ್ಟೆ ಗೊತ್ತಿದ್ದದ್ದು ಅವರಿಗೆ.

ಅದಕ್ಕೇ ಮೆಷಿನ್ ಆಮೇಲೆ. ಕೇಂದ್ರದ ಪಿಎಂಇಜಿಪಿ ಸಾಲ ಯೋಜನೆಯಲ್ಲಿ ಹಳ್ಳಿ ಘಟಕಕ್ಕೆ ಸಾಮಾನ್ಯ ವರ್ಗಕ್ಕೆ ಶೇ. 25, ವಿಶೇಷ ವರ್ಗಕ್ಕೆ ಶೇ. 35 ಸಬ್ಸಿಡಿ ಇದೆ, ನಿಜ. ಸಬ್ಸಿಡಿ ಸಿಗುತ್ತೆ ಅಂತ ದೊಡ್ಡ ಶೆಡ್ ಹಾಕಿ ಬೀಗ ಜಡಿದವರನ್ನು ಕಂಡಿದ್ದೇನೆ. ಮೈಸೂರಿನ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ, ವಸತಿ ಸಮೇತ ಪುಕ್ಕಟೆ ತರಬೇತಿ ಸಿಗುತ್ತೆ, ಹೋಗಿ ಬಾ. ಆಮೇಲೆ ಶುಂಠಿಯನ್ನು ಮನೆಯಲ್ಲೇ ಒಣಗಿಸಿ, ಬೇರೆಯವರ ಮಿಲ್ಲಿನಲ್ಲಿ ಪುಡಿ ಮಾಡಿಸಿ, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ ನೂರು ಪ್ಯಾಕೆಟ್ ಕಟ್ಟು. ನೆಂಟರಿಗೆ ಮಾರಬೇಡ, ಅವರು ಮುಲಾಜಿಗೆ ಕೊಳ್ಳುತ್ತಾರೆ. ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋಗು, ಗುರುತಿಲ್ಲದವರ ಅಂಗಡಿ ಮೆಟ್ಟಿಲು ಹತ್ತು. ಎರಡನೇ ಸಲ ಅವರೇ ಕೇಳಿ ತರಿಸಿಕೊಂಡರೆ ನನಗೆ ಫೋನ್ ಮಾಡು. ಬ್ಯಾಂಕಿಗೆ ನಿನ್ನ ಜೊತೆ ನಾನೇ ಬರುತ್ತೇನೆ.