ಕ್ರಿಟಾ: ಮುಕ್ತ ಆಕರ ಡಿಜಿಟಲ್ ಚಿತ್ರಕಲಾ ತಂತ್ರಾಂಶ

ಏನಿದು? ಚಿತ್ರರಚನೆ, ಕಾಮಿಕ್ಸ್, ಅನಿಮೇಷನ್‌ಗೆ ಬಳಸುವ ಉಚಿತ ತಂತ್ರಾಂಶ. ಮುಕ್ತ ತಂತ್ರಾಂಶ ರೂಪಿಸುವ ಕೆಡಿಇ ಸಮುದಾಯದ ಯೋಜನೆ.

ಬೆಳವಣಿಗೆಯ ಹಂತಗಳು
• 1999: ‘ಕೆಇಮೇಜ್‌ಶಾಪ್’ ಹೆಸರಿನಲ್ಲಿ ಆರಂಭ
• 2009: ಫೋಟೊ ತಿದ್ದುವಿಕೆಗಿಂತ ಚಿತ್ರಕಲೆಗೇ ಆದ್ಯತೆ ನೀಡುವ ನಿರ್ಧಾರ
• 2014: ಕಿಕ್‌ಸ್ಟಾರ್ಟರ್ ಜಾಲತಾಣದ ಮೂಲಕ ಸಾರ್ವಜನಿಕರಿಂದ ನಿಧಿ ಸಂಗ್ರಹ
• 2016: ಆವೃತ್ತಿ 3.0, ಕೈಯಿಂದ ಬಿಡಿಸುವ ಅನಿಮೇಷನ್ ಸೌಲಭ್ಯ
• 2018: ಆವೃತ್ತಿ 4.0, ಪೈಥಾನ್ ಸ್ಕ್ರಿಪ್ಟಿಂಗ್, ಎಸ್‌ವಿಜಿ ವೆಕ್ಟರ್ ಚಿತ್ರಗಳು
• 2021: ಆವೃತ್ತಿ 5.0, ಸ್ಟೋರಿಬೋರ್ಡ್ ಸಂಪಾದಕ

ನೆನಪಿಡಿ
• ಪರವಾನಗಿ: ಜಿಪಿಎಲ್ (ಮುಕ್ತ ತಂತ್ರಾಂಶ ಪರವಾನಗಿ)
• ಪ್ರೋಗ್ರಾಮಿಂಗ್ ಭಾಷೆ: ಸಿ ಪ್ಲಸ್ ಪ್ಲಸ್
• ಬೆಂಬಲ: ನೆದರ್‌ಲೆಂಡ್ಸ್‌ನ ಕ್ರಿಟಾ ಫೌಂಡೇಷನ್
• ಲಾಂಛನ ಪಾತ್ರ: ‘ಕಿಕಿ’ ಎಂಬ ಅಳಿಲು

ಮಹತ್ವ: ಮೂಲ ಕೋಡ್ ತೆರೆದಿರುವುದರಿಂದ ಯಾರು ಬೇಕಾದರೂ ಅದನ್ನು ಓದಿ, ತಿದ್ದಿ, ಹಂಚಬಹುದು. ದುಬಾರಿ ತಂತ್ರಾಂಶ ಕೊಳ್ಳಲಾಗದ ವಿದ್ಯಾರ್ಥಿಗೂ ವೃತ್ತಿಪರ ಮಟ್ಟದ ಸಾಧನ ಕೈಗೆಟುಕುತ್ತದೆ.