ಸರ್ಪಗಂಧ

ನಮ್ಮ ಪಶ್ಚಿಮಘಟ್ಟದ ತೇವವುಳ್ಳ ಕಾಡುಗಳಲ್ಲಿ, ಮರಗಳ ನೆರಳನ್ನಾಶ್ರಯಿಸಿ ಬೆಳೆಯುವ ಒಂದು ಪುಟ್ಟ ಪೊದರುಗಿಡವುಂಟು. ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ, ಕೆಂಪು ತೊಟ್ಟಿನ ಬಿಳಿಯ ಹೂ, ಮಾಗಿದಾಗ ಕಪ್ಪಾಗುವ ಹಣ್ಣು. ಇದೇ ಸರ್ಪಗಂಧ, ಸೂತ್ರನಾಭಿಯೆಂದೂ ಕರೆಯುವರು. ಕಣಗಿಲೆಯ ಕುಟುಂಬಕ್ಕೆ ಸೇರಿದ ಈ ಸಸ್ಯದಲ್ಲಿ ಔಷಧಕ್ಕೆ ಬಳಸುವುದು ಮುಖ್ಯವಾಗಿ ಕಹಿಯಾದ ಬೇರನ್ನು.

ಉನ್ಮಾದಕ್ಕೂ ನಿದ್ರಾಹೀನತೆಗೂ ನಾಡವೈದ್ಯರು ಈ ಬೇರನ್ನು ಕೊಡುತ್ತಿದ್ದರು. ಇದು ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲರ ಲೇಖನದಿಂದ ಪಾಶ್ಚಾತ್ಯ ವೈದ್ಯರ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಸಸ್ಯಕ್ಷಾರವನ್ನು ಬೇರ್ಪಡಿಸಿದರು.

ರಿಸರ್ಪಿನ್ ಹೇಗೆ ಕೆಲಸ ಮಾಡುತ್ತದೆ? ನರಗಳ ತುದಿಯಲ್ಲಿರುವ ಸೂಕ್ಷ್ಮ ಚೀಲಗಳಲ್ಲಿ ನಾರ್‌ಅಡ್ರಿನಲಿನ್ ಮೊದಲಾದ ದ್ರವ್ಯಗಳು ಶೇಖರವಾಗಿರುತ್ತವೆ. ರಿಸರ್ಪಿನ್ ಈ ಶೇಖರಣೆಯನ್ನು ತಡೆಯುವುದರಿಂದ, ರಕ್ತನಾಳಗಳನ್ನು ಕುಗ್ಗಿಸುವ ಸಂದೇಶ ಕುಂದುತ್ತದೆ. ನಾಳಗಳು ಸಡಿಲಗೊಂಡು ಒತ್ತಡವಿಳಿಯುತ್ತದೆ. ಆದರೆ ಮಿದುಳಿನಲ್ಲಿಯೂ ಇದೇ ಕ್ರಿಯೆ ನಡೆಯುವ ಕಾರಣ ಮಂಪರು, ಮನಃಖಿನ್ನತೆಗಳು ತಲೆದೋರಬಹುದು. ಆದುದರಿಂದಲೇ ಇಂದು ಇದರ ಬಳಕೆ ವಿರಳ. ವೈದ್ಯರ ಸಲಹೆಯಿಲ್ಲದೆ ಬೇರನ್ನು ಸೇವಿಸುವುದು ಅಪಾಯಕರ. ಹೆಸರನ್ನು ನಂಬಿ, ಹಾವು ಕಚ್ಚಿದವರಿಗೆ ಇದನ್ನು ಕೊಡುತ್ತ ಕಾಲ ಕಳೆಯುವುದು ಇನ್ನೂ ಅಪಾಯಕರ. ಅವರನ್ನು ಒಡನೆಯೇ ಆಸ್ಪತ್ರೆಗೆ ಸೇರಿಸಬೇಕು.

ಬೇರನ್ನಗೆದರೆ ಗಿಡವೇ ಅಳಿಯುತ್ತದೆ. ಮಿತಿಯಿಲ್ಲದೆ ಅಗೆದುದರಿಂದ ಕಾಡಿನಲ್ಲಿ ಸರ್ಪಗಂಧ ಅಪರೂಪವಾಗಿದೆ. ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿರ್ಬಂಧಕ್ಕೊಳಪಟ್ಟಿದೆ. ಬೀಜದಿಂದಲೂ ಬೇರಿನ ತುಂಡಿನಿಂದಲೂ ಇದನ್ನು ಬೆಳೆಸಬಹುದು. ಔಷಧಕ್ಕೆ ಬೇಕಾದುದನ್ನು ತೋಟದಲ್ಲಿ ಬೆಳೆದುಕೊಂಡು, ಕಾಡಿನ ಗಿಡವನ್ನು ಕಾಡಿಗೇ ಉಳಿಸುವುದು ವಿವೇಕ.