ಚಿಂಚಲಿ ಜಾತ್ರೆಗೆ ಮನೆಮಂದಿಯೆಲ್ಲ ಹೊರಟರೆ

ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿಬಂದವರನ್ನು ಏನು ಕಂಡಿರಿ ಎಂದು ಕೇಳಿದರೆ, ಪಾಳಿಯ ಉದ್ದವನ್ನೇ ಹೇಳುವವರು ಹೆಚ್ಚು. ದರ್ಶನವೊಂದನ್ನೇ ಗುರಿಯಾಗಿಟ್ಟು ಹೊರಟರೆ ಆಗುವುದು ಅದೇ. ಈ ಜಾತ್ರೆಯ ಪರಂಪರೆ ಗರ್ಭಗುಡಿಯಲ್ಲಿ ಎಷ್ಟಿದೆಯೋ, ಊರ ಸುತ್ತ ಚಕ್ಕಡಿ ಬಿಟ್ಟು ಬಿಡಾರ ಹೂಡುವ ಭಕ್ತರ ನಡುವೆಯೂ ಅಷ್ಟೇ ಇದೆ. ಸಾಂಗ್ಲಿ, ಕೊಲ್ಹಾಪುರ, ಸೋಲಾಪುರ ಕಡೆಯ ಧನಗರರು, ನಮ್ಮ ಕಡೆಯ ಹಾಲುಮತದವರು ಇಲ್ಲಿ ಒಂದೇ ಭಂಡಾರ ಹಚ್ಚಿಕೊಂಡು ‘ಚಾಂಗಭಲೋ’ ಎನ್ನುತ್ತಾರೆ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು, ಭಕ್ತರ ದಾರಿ ಬದಲಾಗಲಿಲ್ಲ. ಆದ್ದರಿಂದ ಕುಟುಂಬದ ಯೋಜನೆಯಲ್ಲಿ ಬಿಡಾರಕ್ಕೆ ಮೊದಲ ಜಾಗ, ಪಾಳಿಗೆ ಎರಡನೆಯದು ಇರಲಿ.

ಮೊದಲ ಹೆಜ್ಜೆ ದಿನದ ಆಯ್ಕೆ. ಜಾತ್ರೆ ಮಾಘ ಮಾಸದ ಭಾರತ ಹುಣ್ಣಿಮೆಯದು. ಅದು 2024ರಲ್ಲಿ ಫೆಬ್ರವರಿ 24ಕ್ಕೆ, 2025ರಲ್ಲಿ 12ಕ್ಕೆ, 2026ರಲ್ಲಿ 1ಕ್ಕೆ ಬಂತು. ಹಾಗಾಗಿ ಹೋದ ವರ್ಷದ ತಾರೀಖು ನಂಬಿ ರಜೆ ಹಾಕಬೇಡಿ, ಪಂಚಾಂಗ ನೋಡಿ. ಮಕ್ಕಳು, ಮುದುಕರು ಜೊತೆಗಿದ್ದರೆ ಹುಣ್ಣಿಮೆಯ ದಿನವನ್ನೇ ಬಿಟ್ಟು ಹಿಂದೆ ಮುಂದೆ ಹೋಗುವುದು ಜಾಣತನ. ಹರಕೆ ಹೊತ್ತವರು ಇದನ್ನು ಒಪ್ಪಲಾರರು: ಹುಣ್ಣಿಮೆ ತಪ್ಪಿದರೆ ಸೇವೆ ಸಲ್ಲುವುದೇ? ಆ ಮಾತಿಗೆ ಗೌರವ ಕೊಡೋಣ. ಮನೆಯ ಗಟ್ಟಿಗರಿಬ್ಬರು ಹುಣ್ಣಿಮೆಯಂದು ಹರಕೆ ತೀರಿಸಲಿ, ಉಳಿದವರು ಬೇರೆ ದಿನ ಹೋಗಲಿ. ಜಾತ್ರೆ ಹಲವು ದಿನ ನಡೆಯುವುದರಿಂದ ಎರಡೂ ಸಾಧ್ಯ.

ಎರಡನೆಯದು ದಾರಿ. ಮಿರಜ–ಬೆಳಗಾವಿ ಮಾರ್ಗದಲ್ಲಿ ಚಿಂಚಲಿಗೆ ರೈಲು ನಿಲ್ದಾಣವಿದೆ. ಕಾಗವಾಡದವರಿಗೆ ಶೇಡಬಾಳ ಅಥವಾ ಉಗಾರ ಖುರ್ದದಿಂದ ರೈಲೇ ಸಲೀಸು. ಚಿಂಚಲಿಯಲ್ಲಿ ನಿಲ್ಲದ ಗಾಡಿಯಾದರೆ ಕುಡಚಿ ಇಲ್ಲವೇ ರಾಯಬಾಗದಲ್ಲಿ ಇಳಿಯಬಹುದು. ಅಥಣಿ, ನಿಪ್ಪಾಣಿಗೆ ರೈಲಿಲ್ಲ. ‘ಚಿಕ್ಕೋಡಿ ರೋಡ್’ ನಿಲ್ದಾಣವೂ ಚಿಕ್ಕೋಡಿ ಊರಿನಿಂದ ದೂರ. ಈ ಮೂರೂ ಊರಿನವರಿಗೆ ಬಸ್ಸೇ ಗತಿ. ರಾಜ್ಯದ ಹೆಣ್ಣುಮಕ್ಕಳು ಶಕ್ತಿ ಯೋಜನೆಯ ಉಚಿತ ಪ್ರಯಾಣಕ್ಕೆ ಗುರುತಿನ ಚೀಟಿ ಮರೆಯಬಾರದು. ಸ್ವಂತ ಗಾಡಿ ಇದ್ದವರಿಗೆ ಬಸ್ಸೇಕೆ ಎನಿಸೀತು. ಆದರೆ ಫೆಬ್ರವರಿ ಈ ಸೀಮೆಯಲ್ಲಿ ಕಬ್ಬು ನುರಿಸುವ ಕಾಲ. ಹಿಂದೆ ದೀಪವಿಲ್ಲದ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ಕತ್ತಲಲ್ಲಿ ಮುಂದೆ ಸಿಕ್ಕರೆ ಅಪಾಯ. ಕಾರೇ ಬೇಕೆಂದರೆ ಬೆಳಗ್ಗೆ ಹೊರಟು, ಹೊತ್ತು ಮುಳುಗುವ ಮೊದಲೇ ಮರಳಿ.

ಮೂರನೆಯದು ಸಿದ್ಧತೆ. ಭಂಡಾರದ ಅರಿಷಿನ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗದು. ಹಳೆಯ ಬಟ್ಟೆ ಸಾಕು. ಅದು ಹಾರುವಾಗ ಕೂಸುಗಳ ಕಣ್ಣಿಗೆ ಸೆರಗು ಅಡ್ಡ ಹಿಡಿಯಿರಿ, ದಮ್ಮಿನ ತೊಂದರೆ ಇದ್ದವರು ದೂರ ನಿಲ್ಲಲಿ. ಕುಡಿಯುವ ನೀರು, ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಮನೆಯಿಂದಲೇ ಬರಲಿ. ಮಕ್ಕಳ ಕಿಸೆಯಲ್ಲಿ ಮನೆಯವರ ಫೋನ್ ನಂಬರಿನ ಚೀಟಿ ಇರಲಿ, ಕನ್ನಡ ಮರಾಠಿ ಎರಡರಲ್ಲೂ ಬರೆದರೆ ಒಳ್ಳೆಯದು. ತಲುಪಿದ ಕೂಡಲೇ, ಚದುರಿದರೆ ಮತ್ತೆ ಸೇರಲು ಎಲ್ಲರೂ ಗುರುತಿಸಬಲ್ಲ ಒಂದು ಜಾಗವನ್ನು ಗೊತ್ತುಮಾಡಿ. ಮಗು ತಪ್ಪಿಸಿಕೊಂಡರೆ ಹತ್ತಿರದ ಪೊಲೀಸರಿಗೆ ತಿಳಿಸಿ, 112 ಅಥವಾ 1098ಕ್ಕೆ ಕರೆ ಮಾಡಿ.

ಇಷ್ಟೆಲ್ಲ ತಾಪತ್ರಯ ಯಾಕೆ, ಅಕ್ಟೋಬರದ ಕಿತ್ತೂರು ಉತ್ಸವಕ್ಕೆ ಕರೆದೊಯ್ದರೆ ಸಾಲದೇ ಎಂಬ ಆಕ್ಷೇಪವೂ ಉಂಟು. 1824ರ ವಿಜಯವನ್ನು ನೆನೆಯುವ ಆ ಉತ್ಸವ ಬೇಕೇ ಬೇಕು. ಆದರೆ ಅಲ್ಲಿ ಡೊಳ್ಳು ವೇದಿಕೆಯ ಮೇಲೆ, ಮಕ್ಕಳು ಕುರ್ಚಿಯಲ್ಲಿ. ಚಿಂಚಲಿಯಲ್ಲಿ ಡೊಳ್ಳು ಬಾರಿಸುವವನ ಪಕ್ಕದಲ್ಲೇ ನಿಂತು, ಎತ್ತುಗಳ ಹೆಸರೇನು, ಯಾವ ಊರಿಂದ ಬಂದಿರಿ ಎಂದು ಕೇಳಬಹುದು. ಹಾಗೆ ಕೇಳಿಸುವುದೇ ನಾಲ್ಕನೆಯ ಹೆಜ್ಜೆ. ಕೇಳಿಯೇ ಫೋಟೊ ತೆಗೆಯಿರಿ, ಎತ್ತುಗಳ ಹಿಂದೆ ಮಕ್ಕಳನ್ನು ನಿಲ್ಲಿಸಬೇಡಿ. ಗಡಿ ಎಂದರೆ ಜಗಳವೆಂದೇ ಸುದ್ದಿಯಲ್ಲಿ ಕೇಳಿ ಬೆಳೆಯುವ ಈ ಸೀಮೆಯ ಮಕ್ಕಳಿಗೆ, ಎರಡು ಭಾಷೆಯ ಜನ ಒಂದೇ ಬಯಲಲ್ಲಿ ಒಲೆ ಹೂಡುವುದನ್ನು ತೋರಿಸಲು ಇದಕ್ಕಿಂತ ಹತ್ತಿರದ ಜಾಗ ಹುಡುಕುವುದು ಕಷ್ಟ.